ಆಗಲಪ್ಪನವರ ಕಂಪ್ಯೂಟರಿಗೆ ಬಾರದ ಮಾತು

“ಈ ಮನೇಲಿ ‘ಇಲ್ಲ’ ಅನ್ನೋ ಮಾತು ಎಂದಾದರೂ ಹುಟ್ಟುತ್ತಾ, ಹೊಟ್ಟೇಲೇ ಇದ್ದು ಹೊಟ್ಟೇಲೇ ಹೋಗುತ್ತಾ?”

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಆಕೆ ಈ ಪ್ರಶ್ನೆಯನ್ನು ಯಾರನ್ನೂ ಕೇಳಿದ್ದಲ್ಲ. ಎದುರಿಗಿದ್ದದ್ದು ಗೋಡೆ. ಗೋಡೆಗೂ ಆಕೆಗೂ ನಡುವೆ ಪಕ್ಕದ ಮನೆಯವರ ಮುರುಕು ಸೈಕಲ್ಲು, ಎದುರು ಮನೆಯವರು “ಬರೀ ನಾಳೆವರೆಗೆ” ಎಂದು ಇಟ್ಟುಹೋಗಿದ್ದ ಕಬ್ಬಿಣದ ಏಣಿ, ಯಾರದೆಂದು ಈಗ ಯಾರಿಗೂ ನೆನಪಿರದ ಒಂದು ತೊಟ್ಟಿಲು. ಅದೇ ಕೋಣೆಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಗಂಡ, ಪ್ರಶ್ನೆ ತಮ್ಮ ವಿಭಾಗಕ್ಕೆ ಸೇರಿದ್ದಲ್ಲ ಎಂಬಂತೆ ಕೀಬೋರ್ಡಿನ ಧೂಳನ್ನು ಉಫ್ ಎಂದು ಊದಿದರು.

ಬೀದಿಯಲ್ಲಿ ಅವರನ್ನು ಆಗಲಪ್ಪನವರು ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಯಾರು ಏನು ಕೇಳಿದರೂ “ಆಗಲಪ್ಪ” ಎಂದುಬಿಡುವುದು ಅವರ ಹುಟ್ಟುಗುಣ. ಕೇಳುವವನು ಮಾತು ಮುಗಿಸುವವರೆಗೂ ಕಾಯುತ್ತಿರಲಿಲ್ಲ. ಒಮ್ಮೆ ದಾರಿ ವಿಚಾರಿಸಲು ಬಂದ ಅಪರಿಚಿತನೊಬ್ಬನಿಗೆ “ಆಗಲಪ್ಪ” ಎಂದವರೇ ಅವನ ಟ್ರಂಕನ್ನು ತಲೆಯ ಮೇಲೆ ಹೊತ್ತು ಬಸ್ ನಿಲ್ದಾಣದವರೆಗೂ ಹೋಗಿ, ಅವನಿಗೆ ಬೇಕಾಗಿದ್ದದ್ದು ಅಂಚೆ ಕಚೇರಿ ಎಂದು ತಿಳಿದ ಮೇಲೆ ಅದೇ ಟ್ರಂಕನ್ನು ವಾಪಸು ಹೊತ್ತು ತಂದಿದ್ದರು.

“ರೀ, ನಿಮ್ಮನ್ನೇ,” ಎಂದರು ಹೆಂಡತಿ. ಈ ಸಲ ಗೋಡೆಗಲ್ಲ. “ಭಾನುವಾರ ಬೆಳಿಗ್ಗೆ ಆಸ್ಪತ್ರೆ ಮೇಟ್ರನ್ ಅಮ್ಮ ಬರ್ತಾರೆ. ಅಷ್ಟೂ ನರ್ಸ್‌ಗಳ ಬಿಳೀ ಸಮವಸ್ತ್ರ ಹೊಲಿಯೋ ಕೆಲಸ. ಮೊದಲು ಕೋಣೆ ನೋಡಬೇಕಂತೆ. ಕೊಳೆ ಆಗದೆ ಇರೋ ಜಾಗ, ಕತ್ತರಿಸೋಕೆ ಮೇಜು, ಬೆಳಕು. ಇದು ಸಿಕ್ಕಿದ್ರೆ ನಾನು ಟೈಲರು. ಸಿಗದಿದ್ರೆ ಜನ್ಮವಿಡೀ ಬೀದಿಯೋರ ಜೇಬು ಹರಿದಿದ್ದು, ಗುಂಡಿ ಬಿದ್ದಿದ್ದು.”

“ಕೋಣೆ ನಿನ್ನದೇ ಕಣೇ. ಮಾತು ಕೊಡ್ತೀನಿ.”

“ಮಾತು ನೀವು ಎಲ್ಲರಿಗೂ ಕೊಡ್ತೀರ. ಅದೇ ತೊಂದರೆ. ನಿಮ್ಮ ಭಾವ ಬೀರು ಇಡೋಕೆ ಈ ಕೋಣೇನೇ ಕೇಳಿದಾರೆ. ಮೇಲಿನ ಮನೆ ಬ್ಯಾಂಡ್ ಮೇಷ್ಟ್ರು ತುತ್ತೂರಿ ಊದೋಕೆ ಇದನ್ನೇ ಕೇಳಿದಾರೆ. ನಿಮ್ಮ ಸಾಹೇಬ್ರು ಪ್ರವಾಸ ಹೋಗ್ತಾರಂತೆ, ಅವರ ನಾಯಿಗೂ ಇದೇ ಬೇಕಂತೆ. ಮೂರು ಜನಕ್ಕೂ ‘ಇಲ್ಲ’ ಅನ್ನಿ.”

“ನೀನೇ ಒಂದು ಮಾತು...”

“ನಾನು ಅಂದ್ರೆ ‘ಪಾಪ ಅವನು ಒಳ್ಳೆಯೋನು, ಹೆಂಡತಿ ಬಿಡಲ್ಲ’ ಅಂತ ಊರೆಲ್ಲ ಸಾರ್ತಾರೆ. ಈ ಕೋಣೇನ ಹಂಚಿದ್ದು ನೀವು. ಮುಚ್ಚೋರೂ ನೀವೇ.”

ಆಗಲಪ್ಪನವರು ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡರು. ‘ಇಲ್ಲ’ ಅಲ್ಲೇ ಇತ್ತು. ಆದರೆ ಗಂಟಲಿನ ಹತ್ತಿರ ಬರುತ್ತಲೇ ಅದು ನಾಚಿಕೊಂಡು ಒಳಗೆ ಓಡಿಹೋಗುತ್ತಿತ್ತು. ಆಗ ಅವರಿಗೆ ಹೊಳೆಯಿತು: ಬಾಯಲ್ಲಿ ಆಗದ್ದು ಬರೆದರೆ ಆದೀತು. ಮೂರೂ ಕೋರಿಕೆಗಳು ಬಂದಿದ್ದದ್ದು ಬರಹದಲ್ಲೇ. ಉತ್ತರವೂ ಬರಹದಲ್ಲೇ ಹೋಗಲಿ. ಫೋನಿನ ಅಕ್ಷರ ಕಣ್ಣಿಗೆ ಹಿಡಿಯುವುದಿಲ್ಲವೆಂದು ಅವರು ಎಲ್ಲ ಸಂದೇಶಗಳನ್ನೂ ಈ ಕಂಪ್ಯೂಟರಿನಲ್ಲೇ ಓದಿ ಬರೆಯುವವರು. ಇದಕ್ಕಿಂತ ಸುಲಭ ಇನ್ನೇನಿದೆ?

ಇಲ್ಲಿ ಆ ಕಂಪ್ಯೂಟರಿನ ಪೂರ್ವಚರಿತ್ರೆಯನ್ನು ಹೇಳಲೇಬೇಕು.

ಆಗಲಪ್ಪನವರು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತರು. ಜನ ದೂರು ಕೊಡುವುದು ನೀರು ಬಾರದ್ದಕ್ಕೆ. ಕಚೇರಿಯಿಂದ ಉತ್ತರ ಹೋಗುವುದು ಮಾತ್ರ ನೀರಿಗಿಂತ ಕ್ರಮವಾಗಿ. ಕೆಲ ತಿಂಗಳ ಹಿಂದೆ ಒಬ್ಬ ಗೃಹಸ್ಥ ಖಾಲಿ ಬಕೆಟ್ಟು ಹಿಡಿದು ಬಂದು, ತನಗೆ ಬಂದ ಉತ್ತರವನ್ನು ಕೌಂಟರಿನ ಮುಂದೆ ನಿಂತು ಏರುದನಿಯಲ್ಲಿ ಓದಿದ. “‘ನೀರು ಇಲ್ಲ’ ಅಂತ ನಾನು ಬರೆದೆ. ‘ಹೌದು, ಇಲ್ಲ’ ಅಂತ ನೀವು ಬರೆದಿದೀರ! ನಲ್ಲೀಲೂ ಇಲ್ಲ, ಕಾಗದದಲ್ಲೂ ಇಲ್ಲ. ಇದನ್ನ ಹೇಳೋಕೆ ಒಂದು ಕಟ್ಟಡ, ಅದಕ್ಕೆ ಫ್ಯಾನು, ಅದರ ಕೆಳಗೆ ನೀವು!”

ಗದ್ದಲ ಸಾಹೇಬರ ಕಿವಿಗೆ ಬಿತ್ತು. ಅವರು ಯೋಚಿಸಿ ಆಜ್ಞೆ ಹೊರಡಿಸಿದರು.

“ಇನ್ನು ಮುಂದೆ ‘ಇಲ್ಲ’ ಅನ್ನೋ ಪದ ಈ ಕಚೇರಿಯಿಂದ ಹೊರಗೆ ಹೋಗಕೂಡದು.”

“ಸಾರ್, ನೀರು ಇಲ್ಲದೇ ಇದ್ದಾಗ?” ಎಂದರು ಆಗಲಪ್ಪನವರು.

“ನೀರು ಇಲ್ಲದೇ ಇರಬಹುದು ರೀ. ಪದ ಇರಬಾರದು.”

ಹೇಳುವುದು ಸುಲಭ. ಬರೆಯುವ ಬೆರಳಿಗೆ ಹಳೆಯ ಚಾಳಿ. ದಿನಕ್ಕೆಷ್ಟೋ ಸಲ ‘ಇಲ್ಲ’ ತಾನಾಗಿ ಉದುರಿಬಿಡುತ್ತಿತ್ತು. ಆಗ ಯಾರೋ ಒಂದು ಆ್ಯಪಿನ ಸುದ್ದಿ ಹೇಳಿದರು. ಅದರಲ್ಲಿ ಒಂದು ಚಿಕ್ಕ ಪದ ಬರೆದಿಟ್ಟು, ಅದರ ಎದುರಿಗೆ ಒಂದು ಉದ್ದದ ವಾಕ್ಯ ಬರೆದಿಟ್ಟರೆ ಆಯಿತು. ಆಮೇಲೆ ಆ ಚಿಕ್ಕ ಪದವನ್ನು ಎಲ್ಲಿ ಟೈಪ್ ಮಾಡಿದರೂ ಅದು ಮಾಯವಾಗಿ ಉದ್ದದ ವಾಕ್ಯ ಎದ್ದುನಿಲ್ಲುತ್ತದೆ. ಆಗಲಪ್ಪನವರಿಗೆ ರೋಮಾಂಚನವಾಯಿತು. ಮಧ್ಯಾಹ್ನದ ಊಟ ಬಿಟ್ಟು ಕೂತು, ಹಿತವಾದ ಓಟವಿರುವ, ಯಾರಾದರೂ ದನಿಯೆತ್ತಿ ಓದಿದರೆ ಕೇಳುವವರ ಕಣ್ಣು ಮುಚ್ಚಿಕೊಳ್ಳಬೇಕೆನಿಸುವ ಒಂದು ಉತ್ತರವನ್ನು ಕಟ್ಟಿದರು:

“ತಮ್ಮ ಕೋರಿಕೆ ತಲುಪಿ ಮನಸ್ಸು ತಂಪಾಯಿತು. ಅದನ್ನು ಅತ್ಯಂತ ಸಂತೋಷದಿಂದ ಪರಿಶೀಲಿಸಿ, ಆದಷ್ಟು ಬೇಗ ನೆರವೇರಿಸಿಕೊಡಲಾಗುವುದು. ತಮ್ಮ ಸೇವೆಯೇ ನಮ್ಮ ಭಾಗ್ಯ.”

ಇದನ್ನು ‘ಇಲ್ಲ’ದ ಎದುರು ಕೂರಿಸಿದರು. ‘ಆಗಲ್ಲ’, ‘ಬೇಡ’, ‘ಸಾಧ್ಯವಿಲ್ಲ’, ಇವೂ ಅದರ ನೆಂಟರೇ ಆದ್ದರಿಂದ ಅವಕ್ಕೂ ಇದೇ ಮರ್ಯಾದೆ ಮಾಡಿಸಿದರು. ಆ್ಯಪಿನ ಸೂಚನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಎಚ್ಚರಿಕೆಯಿತ್ತು: ಚಿಕ್ಕ ಪದದ ಹಿಂದೆ ಯಾವುದಾದರೂ ಒಂದು ಚಿಹ್ನೆ ಸೇರಿಸಿ, ದಿನನಿತ್ಯದ ಪದಗಳನ್ನು ಹಾಗೇ ಇಡಬೇಡಿ. “ಇಷ್ಟು ವರ್ಷ ಸರ್ಕಾರಿ ಪತ್ರ ಬರೆದವನಿಗೆ ಇವರು ಪಾಠ ಹೇಳ್ತಾರೆ,” ಎಂದು ನಕ್ಕು ಮುಂದೆ ಹೋದರು. ಆ ನಗೆಯೇ ಈ ಕಥೆಗೆ ಬೀಜ.

ಕಚೇರಿಯಲ್ಲಿ ಅವರ ಕೀರ್ತಿ ಹಬ್ಬಿತು. ಉತ್ತರಗಳು ಹಾರಿದವು. ನೀರಿನ ಸ್ಥಿತಿ ಇದ್ದ ಹಾಗೇ ಇದ್ದರೂ ದೂರುದಾರರ ಮನಸ್ಸು ಮಾತ್ರ ತಂಪಾಗತೊಡಗಿತು. ಸಾಹೇಬರು ಬೆನ್ನು ತಟ್ಟಿದರು. ಮಿಕ್ಕ ಪತ್ರಗಳನ್ನು ರಜೆಯಲ್ಲೂ ಮುಗಿಸೋಣವೆಂದು ಆಗಲಪ್ಪನವರು ಅದೇ ಆ್ಯಪನ್ನು ಮನೆಯ ಕಂಪ್ಯೂಟರಿಗೂ ಹಾಕಿಸಿಕೊಂಡರು. ಕೆಲಸ ಮುಗಿದ ಮೇಲೆ ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಅದನ್ನು ಮುಚ್ಚುತ್ತಿದ್ದರು. ಮುಚ್ಚಿದರೆ ಅದು ಮಲಗಿತೆಂದೇ ಅವರ ನಂಬಿಕೆ. ಅದೋ, ಬಾಗಿಲು ಹಾಕಿಕೊಂಡು ಒಳಗೆ ಎದ್ದೇ ಕೂತಿರುವ ಜಾತಿ.

ಹೀಗಿರುವಾಗ ಆ ಬುಧವಾರ ಬೆಳಿಗ್ಗೆ ಅವರು ಮೂರು ನಿರಾಕರಣೆಗಳನ್ನು ಬರೆಯಲು ಕೂತರು. ದೇವರನ್ನು ನೆನೆದರು. ಮೊದಲು ಭಾವನಿಗೆ. ಟೈಪ್ ಮಾಡುವಾಗ ಅವರ ಕಣ್ಣು ಯಾವಾಗಲೂ ಕೀಬೋರ್ಡಿನ ಮೇಲೆ. ಪದ ಮುಗಿದ ಕೂಡಲೇ ಹೆಬ್ಬೆರಳಿನಿಂದ, ಜಾಗ ಬಿಡುವ ಉದ್ದದ ಕೀಲಿಗೆ ಒಂದು ಗುದ್ದು ಕೊಡುವುದು ಹಳೆಯ ಟೈಪಿಂಗ್ ಶಿಸ್ತು. “ಇಲ್ಲ” ಎಂದು ಒತ್ತಿದರು, ಗುದ್ದಿದರು, ಕಳಿಸಿದರು. ಕಳಿಸಿದ ಕ್ಷಣವೇ, ಅಕ್ಕನ ಗಂಡನ ಮುಖಕ್ಕೆ ಬಾಗಿಲು ಹಾಕಿದಷ್ಟು ಪಾಪಪ್ರಜ್ಞೆಯಾಗಿ, ಪರದೆಯ ಕಡೆ ನೋಡಲಾರದೆ ಸಂದೇಶದ ಕಿಟಕಿಯನ್ನು ಮುಚ್ಚಿಬಿಟ್ಟರು. ಬ್ಯಾಂಡ್ ಮೇಷ್ಟ್ರಿಗೂ ಹಾಗೇ. ಸಾಹೇಬರಿಗೆ ಬರೆಯುವಾಗ ಕಣ್ಣನ್ನೂ ಮುಚ್ಚಿಕೊಂಡಿದ್ದರು.

“ಮುಗೀತು ಕಣೇ,” ಎಂದರು ಬೆವರು ಒರೆಸಿಕೊಂಡು. “ಮೂರು ಜನಕ್ಕೂ ಒಂದೇ ಪದ.”

ಹೆಂಡತಿ ಪೆಡಲು ನಿಲ್ಲಿಸಿ ಗಂಡನ ಮುಖವನ್ನು ನೋಡಿದರು. ಆ ನೋಟದಲ್ಲಿ ಇಷ್ಟು ವರ್ಷದಲ್ಲಿ ಮೊದಲ ಸಲ ಗೌರವದಂಥ ಒಂದು ಬೆಳಕಿತ್ತು. ಆಗಲಪ್ಪನವರು ಅದನ್ನು ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಜೇಬಿನಲ್ಲಿಟ್ಟುಕೊಂಡು ಹೋದರು.

ಕಚೇರಿಯಲ್ಲಿ ಸಾಹೇಬರು ಎದುರಾದರು. ಆಗಲಪ್ಪನವರು ಕಂಬದ ಹಿಂದೆ ಸರಿಯುವಷ್ಟರಲ್ಲಿ ಅವರು ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. “ಓದಿದೆ ರೀ ನಿಮ್ಮ ಉತ್ತರ. ನಿಮ್ಮಂಥೋರು ನಮ್ಮ ಕಚೇರೀಲಿ ಇದಾರೆ ಅನ್ನೋದೇ ಹೆಮ್ಮೆ.”

ಸಂಜೆ ಮೆಟ್ಟಿಲ ಮೇಲೆ ಬ್ಯಾಂಡ್ ಮೇಷ್ಟ್ರು ಸಿಕ್ಕಿ ಎರಡೂ ಕೈ ಜೋಡಿಸಿದರು. “ಎಂಥ ಮಾತು ಬರೆದಿರಿ ಸ್ವಾಮಿ! ನಮ್ಮ ಹುಡುಗರಿಗೆಲ್ಲ ಓದಿ ಹೇಳಿದೆ.”

ಭಾವ ಫೋನ್ ಮಾಡಿದರು. “ಏನೋ ಭಾಮೈದ, ನಿನ್ನ ಅಕ್ಕ ಅತ್ತುಬಿಟ್ಟಳು ಕಣೋ. ‘ನನ್ನ ತಮ್ಮ ಬಂಗಾರ’ ಅಂದಳು.”

ಆಗಲಪ್ಪನವರು ಫೋನ್ ಕೆಳಗಿಟ್ಟರು. ಅವರ ಕಣ್ಣೂ ತೇವವಾಗಿತ್ತು.

“ಜಗತ್ತು ನಾವು ಅಂದುಕೊಂಡ ಹಾಗಲ್ಲ ಕಣೇ,” ಎಂದರು ಹೆಂಡತಿಗೆ, ಪ್ರವಚನದ ದನಿಯಲ್ಲಿ. “ಇಷ್ಟು ವರ್ಷ ಸುಮ್ಮನೆ ಹೆದರಿ ಸತ್ತೆ. ‘ಇಲ್ಲ’ ಅಂದ್ರೆ ಜನಕ್ಕೆ ಎಷ್ಟು ಸಂತೋಷ ಆಗುತ್ತೆ ಗೊತ್ತಾ? ಕೈಮುಗೀತಾರೆ! ಅಳ್ತಾರೆ!”

“‘ಇಲ್ಲ’ ಅಂದಿದ್ದಕ್ಕೆ ನಿಮ್ಮ ಭಾವ ಸಂತೋಷಪಟ್ಟರಾ?” ಎಂದರು ಹೆಂಡತಿ. “ಕಾಫಿಗೆ ಸಕ್ಕರೆ ಕಮ್ಮಿಯಾಯ್ತು ಅಂತ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಮನುಷ್ಯ ಅವರು.”

“ಮನುಷ್ಯ ಬದಲಾಗ್ತಾನೆ. ನಾವು ಅವಕಾಶ ಕೊಡಬೇಕು.”

ಈ ಹೊಸ ತತ್ವವನ್ನು ಅವರು ಶುಕ್ರವಾರವಿಡೀ ಕಚೇರಿಯಲ್ಲಿ ಹಂಚಿದರು. ಶನಿವಾರ ಭಾವ ಅಳತೆಯ ಟೇಪು ಹಿಡಿದು ಬಂದರು.

“ಇಲ್ಲಿ ನಾಲ್ಕು ಬೀರು, ಅಲ್ಲಿ ಒಂದು. ಈ ಹೊಲಿಗೆ ಮಿಷನ್ ಮಂಚದ ಕೆಳಗೆ ಹೋಗುತ್ತೆ ಬಿಡು. ನಾಳೆ ಬೆಳಿಗ್ಗೆ ಗಾಡಿ ಬರುತ್ತೆ.”

ಹೆಂಡತಿಯ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಆಗಲಪ್ಪನವರು ಟೇಪಿನ ತುದಿ ಹಿಡಿದುಕೊಂಡರು. “ಭಾವ... ನಾನು ಬರೆದಿದ್ದು... ಓದಿದಿರಾ?”

“ಓದದೆ ಏನು? ಬಾಯಿಪಾಠ ಆಗಿದೆ.” ಭಾವ ಫೋನ್ ತೆಗೆದು, ಗಂಟಲು ಸರಿಮಾಡಿಕೊಂಡು, ಸಭೆಗೆ ಓದುವವರ ಹಾಗೆ ಓದಿದರು. “ತಮ್ಮ ಕೋರಿಕೆ ತಲುಪಿ ಮನಸ್ಸು ತಂಪಾಯಿತು...”

ಹೆತ್ತ ಮಗುವಿನ ಗುರುತು ಯಾವ ಗುಂಪಿನಲ್ಲಾದರೂ ಸಿಗುತ್ತದೆ. ತಮ್ಮ ವಾಕ್ಯ ತಮ್ಮ ಕಣ್ಣೆದುರೇ ಇನ್ನೊಬ್ಬರ ಬಾಯಲ್ಲಿ ಆಡುತ್ತಿದ್ದುದನ್ನು ಕೇಳಿ ಆಗಲಪ್ಪನವರ ಮುಖ ಒಗೆದ ಬಟ್ಟೆಯಂತಾಯಿತು. “ಭಾವ, ಆ ಬೀರು... ಅಂದ್ರೆ...”

“ಇನ್ನೊಂದು ಸೇರಿಸಲಾ?”

“ಆಗಲಪ್ಪ,” ಎಂದಿತು ಅವರ ಬಾಯಿ, ಅವರ ಅಪ್ಪಣೆಗೆ ಕಾಯದೆ.

ಭಾವ ಹೊರಟ ಮೇಲೆ ಆಗಲಪ್ಪನವರು ಓಡಿಹೋಗಿ ಕಂಪ್ಯೂಟರಿನ ಮುಂದೆ ಕೂತು, “ನಾನು ಹಾಗೆ ಬರೆದೇ ಇಲ್ಲ” ಎಂದು ಮೂವರಿಗೂ ಒಟ್ಟಿಗೆ ಕಳಿಸಿದರು. ಈ ಸಲ ತಲೆಯೆತ್ತಿ ನೋಡಿದರು. ಪರದೆಯ ಮೇಲೆ ಹೀಗಿತ್ತು: “ನಾನು ಹಾಗೆ ಬರೆದೇ ತಮ್ಮ ಕೋರಿಕೆ ತಲುಪಿ ಮನಸ್ಸು ತಂಪಾಯಿತು. ಅದನ್ನು ಅತ್ಯಂತ ಸಂತೋಷದಿಂದ...”

ಬ್ಯಾಂಡ್ ಮೇಷ್ಟ್ರ ಉತ್ತರ ಕೂಡಲೇ ಬಂತು: “ಎರಡೆರಡು ಸಲ ಹೇಳುವ ನಿಮ್ಮ ದೊಡ್ಡತನಕ್ಕೆ ಶರಣು. ದೊಡ್ಡ ಡೋಲನ್ನೂ ತರುತ್ತೇವೆ.”

“‘ಆಗಲ್ಲ’ ಅಂತ ಬರೀರಿ!” ಎಂದರು ಹೆಂಡತಿ.

ಕಳಿಸದೆ ಬರೆದು ನೋಡಿದರು. ಮನಸ್ಸು ತಂಪಾಯಿತು.

“‘ಬೇಡ’ ಅಂತ!”

ಇನ್ನೂ ತಂಪಾಯಿತು.

ಆ್ಯಪಿನವರ ಸಹಾಯ ಕೇಂದ್ರ ಒಂದಿದೆ, ಅಲ್ಲಿ ಬರೆದು ಕೇಳಿದರೆ ಬರೆದು ಹೇಳುತ್ತಾರೆ ಎಂಬುದು ಆಗಲಪ್ಪನವರಿಗೆ ನೆನಪಾಯಿತು. ಸಮಸ್ಯೆಯನ್ನು ತೋಡಿಕೊಂಡರು. ಆ ಕಡೆಯಿಂದ ಒಬ್ಬ ವಿನಯವಂತ ಬಂದ.

“ನಮಸ್ಕಾರ ಸಾರ್. ಆ್ಯಪ್ ನಿಲ್ಲಿಸಿ ನೋಡಿದಿರಾ?”

“ಇಲ್ಲ,” ಎಂದು ಗುದ್ದಿದರು ಆಗಲಪ್ಪನವರು. ಕೋರಿಕೆ ತಲುಪಿ ಮನಸ್ಸು ತಂಪಾಯಿತೆಂದೂ ಆದಷ್ಟು ಬೇಗ ನೆರವೇರಿಸಿಕೊಡಲಾಗುವುದೆಂದೂ ಅವನಿಗೆ ಹೋಯಿತು.

“ಧನ್ಯವಾದ ಸಾರ್. ಆದರೆ ಕೋರಿಕೆ ನಿಮ್ಮದು, ನೆರವೇರಿಸಬೇಕಾದವರು ನಾವು. ಸರಿ, ಕೆಳಗೆ ಗಡಿಯಾರದ ಪಕ್ಕ ಒಂದು ಚಿಕ್ಕ ಚಿತ್ರ ಇದೆ. ಅದರ ಮೇಲೆ ಬಲಗಡೆ ಒತ್ತಿ, ನಿಲ್ಲಿಸು ಅಂತ ಬರುತ್ತೆ.”

ಆಗಲಪ್ಪನವರು ತಲೆಯೆತ್ತಿದರು. ಗೋಡೆಯ ಗಡಿಯಾರದ ಪಕ್ಕ, ಸ್ವಲ್ಪ ಕೆಳಗೆ, ಒಂದು ಚಿಕ್ಕ ಚಿತ್ರ ಇದ್ದದ್ದು ನಿಜ. ಅದು ಮಾವನವರದು. ಇಂಥ ಆಪತ್ತಿನಲ್ಲಿ ಯಾರ ನೆರವು ಎಲ್ಲಿಂದ ಬರುತ್ತದೋ ಯಾರು ಬಲ್ಲರು? ಕುರ್ಚಿಯ ಮೇಲೆ ಹತ್ತಿ ಮಾವನವರ ಬಲಭುಜವನ್ನು ಭಕ್ತಿಯಿಂದ ಒತ್ತಿದರು.

“ಅಪ್ಪನ ಫೋಟೋಗೆ ಏನ್ ಮಾಡ್ತಿದೀರಿ?” ಎಂದು ಹೆಂಡತಿ ಕೂಗಿದರು.

“ಇದರಲ್ಲೇ ನಿಲ್ಲುತ್ತಂತೆ!”

“ಏನಾದರೂ ಬದಲಾಯ್ತಾ ಸಾರ್?” ಎಂದಿತ್ತು ಪರದೆ.

“ಇಲ್ಲ.” ಮತ್ತೆ ಮನಸ್ಸು ತಂಪಾಯಿತು.

ಆ ಕಡೆಯಿಂದ ಬಂತು: “ಸಾರ್, ತಪ್ಪು ತಿಳೀಬೇಡಿ. ನೀವೂ ಯಾವುದಾದರೂ ಸಹಾಯ ಕೇಂದ್ರದಲ್ಲಿದೀರಾ?”

“ಇಲ್ಲ! ಇಲ್ಲ!” ಎರಡು ಸಲ ಭಾಗ್ಯ.

“ಹಾಗೇ ಅಂದುಕೊಂಡೆ ಸಾರ್. ನಮ್ಮ ಮೇಲಿನವರಿಗೆ ತೋರಿಸಿದೆ, ಈ ವಾಕ್ಯ ಬಹಳ ಹಿಡಿಸಿತಂತೆ. ನಾವೂ ಬಳಸಿಕೊಳ್ಳಬಹುದಾ?”

“ಬೇಡ!” ಎಂದು ಆಗಲಪ್ಪನವರು ಮುಷ್ಟಿಯಿಂದ ಗುದ್ದಿದರು.

“ತುಂಬಾ ಉಪಕಾರವಾಯ್ತು ಸಾರ್,” ಎಂದು ಅವನು ಹೊರಟುಹೋದ.

ಭಾನುವಾರ ಬೆಳಿಗ್ಗೆ ಹೆಂಡತಿ ಎದ್ದವರೇ ಸೈಕಲ್ಲು, ಏಣಿ, ತೊಟ್ಟಿಲುಗಳನ್ನು ಅವರವರ ಬಾಗಿಲಿಗೆ ಒರಗಿಸಿ ಬಂದರು. ತೊಟ್ಟಿಲಿಗೆ ಬಾಗಿಲು ಸಿಗದೆ ಅದನ್ನು ಬೀದಿಗೆ ಬಿಟ್ಟರು. ನೆಲ ಒರೆಸಿ, ಮೇಜಿನ ಮೇಲೆ ತಾವೇ ಹೊಲಿದ ಮಾದರಿ ಸಮವಸ್ತ್ರವನ್ನು ಹಾಸಿದರು. ಬೆಳ್ಳಗೆ, ಒಂದು ಸುಕ್ಕೂ ಇಲ್ಲದೆ, ಅದು ಕೋಣೆಗೇ ದೀಪ ಹಚ್ಚಿದ ಹಾಗಿತ್ತು.

ಅಷ್ಟರಲ್ಲಿ ಗಾಡಿ ಬಂತು.

ಮೊದಲು ಭಾವನ ಬೀರುಗಳು ಒಳಗೆ ನಡೆದವು. ಅವುಗಳ ನಡುವೆ ದಾರಿ ಮಾಡಿಕೊಂಡು ಬ್ಯಾಂಡ್ ಮೇಷ್ಟ್ರು, ಅವರ ಹಿಂದೆ ತುತ್ತೂರಿಗಳು, ಅವುಗಳ ಹಿಂದೆ ಬಾಗಿಲಿಗಿಂತ ಅಗಲವಾದ ಡೋಲು. ಡೋಲು ಬಾಗಿಲಲ್ಲಿ ಸಿಕ್ಕಿಕೊಂಡಾಗ ಅದನ್ನು ಒಳಕ್ಕೆ ನೂಕಿದವರು ಸಾಹೇಬರು. ಅವರ ಇನ್ನೊಂದು ಕೈಯಲ್ಲಿ ಕರುವಿನಷ್ಟು ಎತ್ತರದ ನಾಯಿಯ ಸರಪಳಿ.

“ಇದೇನ್ರೀ ಇಷ್ಟೊಂದು ಜನ? ಕೋಣೆ ನಮ್ಮ ನಾಯಿಗೆ ಕೊಟ್ಟಿದ್ದು.”

“ನಾಯಿಗಾ? ನನಗೆ ಬರೆದು ಕೊಟ್ಟಿದಾನೆ, ಎರಡು ಸಲ!” ಎಂದರು ಭಾವ.

“ನಮಗೂ ಎರಡು ಸಲ,” ಎಂದರು ಬ್ಯಾಂಡ್ ಮೇಷ್ಟ್ರು.

ಮೂವರೂ ಫೋನ್ ತೆಗೆದರು. ಮೂವರೂ ಏಕಕಾಲಕ್ಕೆ ಓದತೊಡಗಿದರು. ಭಜನೆಯ ಪಲ್ಲವಿಯಂತೆ ಅದು ಕೋಣೆಯನ್ನು ತುಂಬಿತು: “ತಮ್ಮ ಸೇವೆಯೇ ನಮ್ಮ ಭಾಗ್ಯ.” ತುತ್ತೂರಿಯವನೊಬ್ಬ ಅಭ್ಯಾಸಬಲದಿಂದ ಕೊನೆಯಲ್ಲಿ ಒಂದು ಸ್ವರ ಊದಿದ.

ಆ ಸ್ವರ ಇನ್ನೂ ಇಳಿಯುವ ಮೊದಲೇ ಬಾಗಿಲಲ್ಲಿ ಮೇಟ್ರನ್ ಅಮ್ಮ ನಿಂತಿದ್ದರು. ಗಾಯ ನೋಡುವ ಕಣ್ಣಿನಿಂದ ಕೋಣೆಯನ್ನು ಒಂದು ಸಲ ನೋಡಿದರು.

“ಹೊಲಿಗೆ ಎಲ್ಲಿ ನಡೆಯುತ್ತೆ?”

ಎರಡು ಬೀರುಗಳ ಸಂದಿಯಿಂದ ಹೆಂಡತಿ ಕೈಯೆತ್ತಿದರು. “ಇಲ್ಲೇ ಅಮ್ಮ.”

“ಮುಂದಿನ ಬೀದೀಲಿ ಇನ್ನೊಬ್ಬ ಟೈಲರ್ ಇದಾನಂತೆ. ಅವನನ್ನೂ ನೋಡಿ ಬರ್ತೀನಿ. ನಾನು ವಾಪಸ್ ಬರೋ ಹೊತ್ತಿಗೆ ಇದು ಹೊಲಿಗೆ ಕೋಣೆ ಆಗಿದ್ರೆ ಮಾತಾಡೋಣ. ಹೀಗೇ ಇದ್ರೆ ಬೇಡ.” ಹೊರಟೇಬಿಟ್ಟರು.

ಹೆಂಡತಿ ಗಂಡನನ್ನು ನೋಡಿದರು.

ಆಗಲಪ್ಪನವರು ಬಾಯಿ ತೆರೆದರು. “ಆ...” ಎಂಬಲ್ಲಿಗೆ ಅದನ್ನು ಎರಡೂ ಕೈಗಳಿಂದ ಮುಚ್ಚಿಕೊಂಡರು. ಅಲ್ಲಿಂದ ಹೊರಡುವುದು ಯಾವ ಪದವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬರೆದೇ ಕೊಡಬೇಕು, ಗೋಡೆಗೆ ಅಂಟಿಸುವಷ್ಟು ದೊಡ್ಡ ಅಕ್ಷರದಲ್ಲಿ! ಬೀರುಗಳನ್ನು ಹತ್ತಿ ಇಳಿದು ಕಂಪ್ಯೂಟರನ್ನು ತಲುಪಿ, ಅಕ್ಷರದ ಗಾತ್ರ ಹಿಗ್ಗಿಸಿ, ‘ಇಲ್ಲ’ ಎಂದು ಗುದ್ದಿ, ಪ್ರಿಂಟ್ ಒತ್ತಿದರು. ಗಾಬರಿಯಲ್ಲಿ, ಒಂದು ರಾತ್ರಿಯ ಹಿಂದೆ ಕಲಿತ ಪಾಠ ಮರೆತೇಹೋಗಿತ್ತು. ಪ್ರಿಂಟರು ಕರಕರ ಎಂದು ಹಾಳೆಯ ಮೇಲೆ ಹಾಳೆ ಕಕ್ಕತೊಡಗಿತು: ‘ತಮ್ಮ’ ಒಂದು ಹಾಳೆ, ‘ಕೋರಿಕೆ’ ಒಂದು ಹಾಳೆ, ‘ತಲುಪಿ’ ಒಂದು ಹಾಳೆ.

“ಓಹೋಹೋ, ಸ್ವಾಗತ ಫಲಕ!” ಎಂದು ಬ್ಯಾಂಡ್ ಮೇಷ್ಟ್ರು ಹಾಳೆಗಳನ್ನು ಸಾಲಾಗಿ ಬೀರುಗಳಿಗೆ ಅಂಟಿಸಹೊರಟರು. “ಭಾಗ್ಯ ಎಲ್ಲಿ? ಭಾಗ್ಯ ಕೊಡಿ ಸ್ವಾಮಿ!”

ಆಗಲಪ್ಪನವರು ಮೇಜಿನ ಕೆಳಗೆ ತೂರಿ ಪ್ಲಗ್ಗನ್ನು ಕಿತ್ತರು. ಕಂಪ್ಯೂಟರು ಉಸಿರು ಬಿಟ್ಟು ಕಪ್ಪಗಾಯಿತು. ಅವರು ಅಲ್ಲಿಂದ ತೆವಳಿಕೊಂಡು ಹೊರಬಂದಾಗ ಕಣ್ಣೆದುರಿಗೆ ಮೊದಲು ಕಂಡದ್ದು ನಾಲ್ಕು ಕೆಸರು ಕಾಲುಗಳು. ನಾಯಿಗೆ ಈ ಗದ್ದಲ ಬೇಸರ ತಂದಿತ್ತು. ಕೋಣೆಯಲ್ಲಿ ಮಲಗಲು ಯೋಗ್ಯವಾಗಿ, ಬೆಳ್ಳಗೆ, ಮೆತ್ತಗೆ ಇದ್ದದ್ದು ಒಂದೇ ಒಂದು. ಅದು ಮುಂಗಾಲೆತ್ತಿತು.

“ಪಾಪ, ಸುಸ್ತಾಗಿದೆ,” ಎಂದರು ಸಾಹೇಬರು. “ಒಂದು ಗಳಿಗೆ ಆ ಬಟ್ಟೆ ಮೇಲೆ ಮಲಗಲಿ ಬಿಡಿ. ಒಗೆದ್ರೆ ಹೋಗುತ್ತೆ. ಏನಂತೀರಿ?”

“ಇಲ್ಲ!”

ಎಲ್ಲರೂ ತಿರುಗಿ ನೋಡಿದರು. ಎಲ್ಲರಿಗಿಂತ ಮೊದಲು ತಿರುಗಿ ನೋಡಿದವರು ಸ್ವತಃ ಆಗಲಪ್ಪನವರೇ, ಹಿಂದೆ ಯಾರಾದರೂ ನಿಂತು ಅಂದರೋ ಎಂದು. ಹಿಂದೆ ಗೋಡೆಯಿತ್ತು. ನಾಯಿ, ಕೋಣೆಯಲ್ಲಿದ್ದ ಪೈಕಿ ಅತ್ಯಂತ ವಿವೇಕಿ, ಎತ್ತಿದ ಕಾಲನ್ನು ನೆಲಕ್ಕಿಟ್ಟು ಬಾಲ ಮಡಚಿ ಕೂತಿತು.

“ಏನ್ರೀ ಅಂದಿರಿ?” ಎಂದರು ಸಾಹೇಬರು. “ಆ ಪದಾನ ನಾನು ನಿಷೇಧ ಮಾಡಿದ್ದೆ.”

“ಕಚೇರಿಯಿಂದ ಹೊರಗೆ ಹೋಗಬಾರದು ಅಂದಿದ್ರಿ ಸಾರ್. ಇದು ಮನೆ.” ಆಗಲಪ್ಪನವರ ಬಾಯಿ, ಒಮ್ಮೆ ತೆರೆದ ನಲ್ಲಿಯಂತೆ, ನಿಲ್ಲಲೊಲ್ಲದು. “ನಾಯಿಗೂ ಜಾಗ ಇಲ್ಲ. ಭಾವ, ಬೀರೂಗೂ ಇಲ್ಲ. ಮೇಷ್ಟ್ರೇ, ತುತ್ತೂರಿಗಿಲ್ಲ, ಡೋಲಿಗಿಲ್ಲ. ಇದು ನನ್ನ ಹೆಂಡತಿ ಕೆಲಸದ ಕೋಣೆ. ಇಲ್ಲ ಅಂದ್ರೆ ಇಲ್ಲ!”

“ಮತ್ತೆ ಬರೆದು ಕೊಟ್ಟಿದ್ದು?” ಎಂದರು ಭಾವ.

“ಅದು ಸರ್ಕಾರಿ ಉತ್ತರ ಭಾವ. ಅದನ್ನ ನಂಬಿ ಯಾರಾದ್ರೂ ಬಕೆಟ್ಟು ಇಡ್ತಾರಾ?”

ಸಾಹೇಬರಿಗೆ ಈ ಮಾತು ಎಲ್ಲೋ ತಾಕಿದಂತೆ ಕಂಡಿತು. “ನಾಳೆ ಕಚೇರಿಗೆ ಬನ್ನಿ, ಮಾತಾಡೋಣ,” ಎಂದು ನಾಯಿಯನ್ನು ಎಳೆದುಕೊಂಡು ಹೊರಟರು. ಭಾವ “ನಿನ್ನ ಅಕ್ಕನಿಗೆ ಹೇಳ್ತೀನಿ ಇರು,” ಎಂದು ಬೀರುಗಳನ್ನು ಹೊರಿಸಿದರು. ಡೋಲು ಬಾಗಿಲಲ್ಲಿ ಮತ್ತೆ ಸಿಕ್ಕಿಕೊಂಡಿತು. ಈ ಸಲ ಆಗಲಪ್ಪನವರೇ ಕಾಲು ಕೊಟ್ಟು ಹೊರಕ್ಕೆ ನೂಕಿದರು. ಅದು ಮೆಟ್ಟಿಲ ಮೇಲೆ ಢಂ ಢಂ ಎಂದು ತಾನೇ ಬಾರಿಸಿಕೊಳ್ಳುತ್ತ ಇಳಿಯಿತು.

ಡೋಲಿಗೆ ದಾರಿ ಬಿಟ್ಟು ಮೇಟ್ರನ್ ಅಮ್ಮ ಮೇಲೆ ಬಂದರು. ಖಾಲಿ ನೆಲ, ಬೆಳಕು, ಮೇಜಿನ ಮೇಲಿನ ಬಿಳಿ ಬಟ್ಟೆ ಎಲ್ಲವನ್ನೂ ನೋಡಿದರು. ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿದರು.

“ಆ ಟೈಲರನ್ನ ಕೇಳಿದೆ, ಅಷ್ಟೂ ಸಮವಸ್ತ್ರ ಈ ಶುಕ್ರವಾರಕ್ಕೆ ಆಗುತ್ತಾ ಅಂತ. ‘ಖಂಡಿತ ಅಮ್ಮ’ ಅಂದ. ಎಷ್ಟು ಅಂತಾನೂ ಕೇಳಲಿಲ್ಲ. ನೀವೇನಂತೀರಿ?”

ಆಗಲಪ್ಪನವರ ತುಟಿ “ಆ...” ಎಂದು ಅರಳತೊಡಗಿತ್ತು. ಹೆಂಡತಿ ಅವರ ಕಾಲು ತುಳಿದರು.

“ಶುಕ್ರವಾರಕ್ಕೆ ಆಗಲ್ಲ ಅಮ್ಮ. ತಿಂಗಳ ಕೊನೆಗೆ ಕೊಡ್ತೀನಿ. ಒಂದೊಂದೂ ಹೀಗೇ ಇರುತ್ತೆ.”

ಮೇಟ್ರನ್ ಅಮ್ಮ ಮೊದಲ ಸಲ ನಕ್ಕರು. “ನಾಳೆ ಬಟ್ಟೆ ಕಳಿಸ್ತೀನಿ.” ಹೊರಡುವಾಗ ಬಾಗಿಲ ಬಳಿ ನಿಂತು ಆಗಲಪ್ಪನವರ ಕಡೆ ತಿರುಗಿದರು. “ಇಲ್ಲ ಅಂತ ಕೂಗಿದ್ದು ಬೀದಿ ತುದೀವರೆಗೂ ಕೇಳಿಸ್ತು. ಗಂಟಲಿಗೆ ಬಿಸಿನೀರು ಕುಡೀರಿ.”

ಸಂಜೆ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದೊಂದೇ, ಒಂದೇ ಲಯದಲ್ಲಿ. ಆಗಲಪ್ಪನವರು ಬಿಸಿನೀರಿನ ಲೋಟ ಹಿಡಿದು ನಾಲ್ಕು ಗೋಡೆಗಳನ್ನೂ ಗೆದ್ದ ರಾಜನ ಹಾಗೆ ನೋಡುತ್ತ ನಿಂತಿದ್ದರು. ಮೂಲೆಯ ಕಂಪ್ಯೂಟರು ಪ್ಲಗ್ಗು ಕಳಚಿಕೊಂಡು ಮಂಕಾಗಿ ಕೂತಿತ್ತು. ಕತ್ತರಿಸುವ ದೊಡ್ಡ ಮೇಜು ಹಾಕಬೇಕಾದದ್ದು ಅಲ್ಲೇ.

“ನೋಡೇ,” ಎಂದರು ಮೆತ್ತಗೆ. “ಸೈಕಲ್ಲು ಹೋಯ್ತು, ಏಣಿ ಹೋಯ್ತು. ಬೀರು, ಡೋಲು, ನಾಯಿ, ಎಲ್ಲಾ ಹೋಯ್ತು. ಈ ಮೂಲೇಲಿ ನನ್ನ ಕಂಪ್ಯೂಟರ್ ಒಂದು ಇರಲಾ? ಬರೀ ನಾಳೆವರೆಗೆ.”

ಆಕೆ ಪೆಡಲಿನಿಂದ ಕಾಲು ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಇಲ್ಲ.”